ಮಾತ್ರೆ ಫೇಲ್ ಅಂತ ಬರೀತೀರಿ, ಯಾವುದ್ರಲ್ಲಿ ಫೇಲ್ ಅಂತಾನೂ ಬರೀರಿ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಪೇಪರ್‌ನಲ್ಲಿ ಆಗಾಗ ಒಂದು ಸುದ್ದಿ ಬರತ್ತೆ, ಇಷ್ಟು ಔಷಧಿಗಳು ಗುಣಮಟ್ಟ ಪರೀಕ್ಷೆಯಲ್ಲಿ ಫೇಲ್ ಅಂತ. ಪಕ್ಕದಲ್ಲಿ ಒಂದು ಫೋಟೋ ಇರತ್ತೆ, ಬಿಳಿ ಕೋಟು ಹಾಕ್ಕೊಂಡಿರೋರು ಯಾರೋ ಮೈಕ್ರೋಸ್ಕೋಪ್ ಒಳಗೆ ಇಣುಕ್ತಾ ಇರ್ತಾರೆ. ನಾನು ಔಷಧಿ ಪರೀಕ್ಷೆ ಮಾಡೋ ಲ್ಯಾಬಲ್ಲೇ ಬಹಳ ವರ್ಷದಿಂದ ಇರೋನು, ಮಾತ್ರೆಯಲ್ಲಿ ಔಷಧಿ ಎಷ್ಟಿದೆ ಅಂತ ನೋಡೋಕೆ ಒಂದು ದಿನಾನೂ ಮೈಕ್ರೋಸ್ಕೋಪ್ ಮುಟ್ಟಿಲ್ಲ. ಅದು ಹೋಗ್ಲಿ, ಫೋಟೋ ಅಲ್ವಾ. ನನ್ನ ತಕರಾರು ಆ ಫೇಲ್ ಅನ್ನೋ ಒಂದೇ ಒಂದು ಪದದ ಬಗ್ಗೆ. ಮಾತ್ರೆಯಲ್ಲಿ ಔಷಧಿ ಸ್ವಲ್ಪ ಕಮ್ಮಿ ಇದ್ರೂ ಫೇಲ್, ಔಷಧಿನೇ ಇಲ್ದೆ ಬರೀ ಹಿಟ್ಟಿದ್ರೂ ಫೇಲ್, ಔಷಧಿ ಸರಿಯಾಗೇ ಇದ್ದು ಜೊತೆಗೆ ವಿಷ ಇದ್ರೂ ಫೇಲ್, ಎಲ್ಲಾ ಸರಿ ಇದ್ದು ಮಾತ್ರೆ ಕರಗೋಕೆ ಜಾಸ್ತಿ ಟೈಮ್ ತಗೊಂಡ್ರೂ ಫೇಲ್. ಈ ನಾಲ್ಕನ್ನೂ ಒಂದೇ ತಕ್ಕಡಿಗೆ ಹಾಕಿದ್ರೆ ಓದೋರು ಏನು ಅಂತ ತಿಳ್ಕೋಬೇಕು? ಒಬ್ರು ಹೆದರ್ಕೊಂಡು ಬೀಪಿ ಮಾತ್ರೆನೇ ನಿಲ್ಲಿಸ್ತಾರೆ, ಇನ್ನೊಬ್ರು ಇದೆಲ್ಲಾ ದಿನಾ ಇರೋದೇ ಅಂತ ಪುಟ ತಿರುಗಿಸ್ತಾರೆ, ಎರಡೂ ತಪ್ಪೇ.

ಈ ನಾಲ್ಕರಲ್ಲಿ ಯಾವ್ದು ಅಂತ ಬೇರೆ ಮಾಡಿ ಹೇಳೋ ಕೆಲಸ ಬಹುಪಾಲು ಕ್ರೊಮ್ಯಾಟೋಗ್ರಫಿದು. ಹೆಸರು ಉದ್ದ ಇದೆ ಅಂತ ನಿಮ್ಮ ವರದಿಗಾರರು ಅದನ್ನ ಬಿಟ್ಟು "ಅತ್ಯಾಧುನಿಕ ಯಂತ್ರದ ಮೂಲಕ" ಅಂತ ಬರೆದು ಮುಗಿಸಿಬಿಡ್ತಾರೆ. ಆದ್ರೆ ಅದರ ಹಿಂದಿರೋ ಐಡಿಯಾ ಅಷ್ಟೇನು ಕಷ್ಟದ್ದಲ್ಲ, ಅದಕ್ಕೇ ಈ ಕಾಗದ, ಉದ್ದ ಆಗತ್ತೆ, ಮೊದಲೇ ಕ್ಷಮೆ ಕೇಳಿಬಿಡ್ತೀನಿ.

ಕ್ರೊಮ್ಯಾಟೋಗ್ರಫಿ ಅಂದ್ರೆ ಬೇರ್ಪಡಿಸೋದು ಅಷ್ಟೇ. ಕಲಸಿಹೋಗಿರೋ ನಾಲ್ಕೈದು ವಸ್ತುಗಳನ್ನ ಒಂದೊಂದಾಗಿ ಸಾಲಲ್ಲಿ ಹೊರಗೆ ಬರೋ ಹಾಗೆ ಮಾಡೋದು. ಕಂಡುಹಿಡಿದವರು ಔಷಧಿಯವರೇ ಅಲ್ಲ, ಗಿಡಮರದ ಮೇಲೆ ಕೆಲಸ ಮಾಡ್ತಿದ್ದ ಮಿಖಾಯಿಲ್ ತ್ಸ್ವೆತ್ ಅನ್ನೋ ರಷ್ಯನ್ ಸಸ್ಯವಿಜ್ಞಾನಿ. ಎಲೆ ಹಸಿರಾಗಿ ಕಾಣತ್ತಲ್ಲ, ಆ ಹಸಿರು ಒಂದೇ ಬಣ್ಣಾನೋ ಅಥ್ವಾ ನಾಲ್ಕಾರು ಸೇರಿ ಆಗಿರೋದೋ ಅನ್ನೋದು ಅವರ ತಲೆಬಿಸಿ. ಗಾಜಿನ ಕೊಳವೆಗೆ ಸುಣ್ಣದಕಲ್ಲಿನ ಪುಡಿ, ಅಂದ್ರೆ ಕ್ಯಾಲ್ಸಿಯಂ ಕಾರ್ಬೊನೇಟ್, ಗಟ್ಟಿಯಾಗಿ ತುಂಬಿ, ಮೇಲಿಂದ ಎಲೆಯ ರಸ ಹಾಕಿ, ಅದರ ಮೇಲೆ ಪೆಟ್ರೋಲಿಯಂ ಈಥರ್ ಥರದ ದ್ರಾವಕ ಬಿಟ್ರೆ ಒಂದೇ ಹಸಿರಾಗಿದ್ದಿದ್ದು ಕೊಳವೆ ಉದ್ದಕ್ಕೂ ಹಸಿರು ಪಟ್ಟಿ, ಹಳದಿ ಪಟ್ಟಿ ಅಂತ ಬೇರೆಬೇರೆಯಾಗಿ ನಿಂತುಬಿಡ್ತು. 1903ರಲ್ಲಿ ಇದರ ಬಗ್ಗೆ ಭಾಷಣ ಮಾಡಿದ್ರು, 1906ರಲ್ಲಿ ಬರೆದ ಲೇಖನದಲ್ಲಿ ಕ್ರೊಮ್ಯಾಟೋಗ್ರಫಿ ಅಂತ ಹೆಸರಿಟ್ರು, ಬಣ್ಣದ ಬರಹ ಅಂತ ಅರ್ಥ. ತಮಾಷೆ ಏನಂದ್ರೆ ತ್ಸ್ವೆತ್ ಅನ್ನೋ ಅವರ ಹೆಸರಿಗೇ ರಷ್ಯನ್ ಭಾಷೆಯಲ್ಲಿ ಬಣ್ಣ ಅಂತ ಅರ್ಥ, ಬೇಕಂತಲೇ ತಮ್ಮ ಹೆಸರನ್ನ ಅದ್ರೊಳಗೆ ಸೇರಿಸಿದ್ರೇನೋ ಅಂತ ನಮ್ಮ ಲ್ಯಾಬಲ್ಲಿ ನಾವು ಮಾತಾಡ್ಕೋತೀವಿ. ಪಾಪ, ಅವರು 1919ರಲ್ಲಿ ತೀರಿಕೊಂಡಾಗ ಇದನ್ನ ಹೆಚ್ಚು ಜನ ತಲೆಗೆ ಹಚ್ಕೊಂಡಿರಲಿಲ್ಲ, 1931ರ ಹೊತ್ತಿಗೆ ಬೇರೆಯವರು ಮತ್ತೆ ಎತ್ಕೊಂಡ್ರು. ಇವತ್ತು ನಾವು ನೋಡೋ ಔಷಧಿಗಳಲ್ಲಿ ಹೆಚ್ಚಿನವಕ್ಕೆ ಬಣ್ಣಾನೇ ಇಲ್ಲ, ಹೆಸರು ಮಾತ್ರ ಹಂಗೇ ಉಳ್ಕೊಂಡಿದೆ.

ತತ್ವ ಹೇಳ್ತೀನಿ ಕೇಳಿ. ಹತ್ತು ಜನ ಒಟ್ಟಿಗೆ ಒಂದು ರಸ್ತೆಗೆ ಇಳೀತಾರೆ ಅನ್ಕೊಳ್ಳಿ, ಎಲ್ಲರೂ ನಡೆಯೋ ಸ್ಪೀಡ್ ಒಂದೇ. ಆದ್ರೆ ಒಬ್ಬರಿಗೆ ಆ ರಸ್ತೆಯಲ್ಲಿ ಮನೆಮನೆಯಲ್ಲೂ ಪರಿಚಯ, ಪ್ರತಿ ಬಾಗಿಲಲ್ಲೂ ನಿಂತು ಮಾತಾಡ್ಕೊಂಡೇ ಬರ್ತಾರೆ, ಇನ್ನೊಬ್ಬರಿಗೆ ಯಾರೂ ಗೊತ್ತಿಲ್ಲ, ತಲೆ ತಗ್ಗಿಸ್ಕೊಂಡು ನೆಟ್ಟಗೆ ನಡ್ಕೊಂಡು ಹೋಗ್ಬಿಡ್ತಾರೆ. ರಸ್ತೆ ಕೊನೆಯಲ್ಲಿ ಗಡಿಯಾರ ಹಿಡ್ಕೊಂಡು ನಿಂತಿದ್ರೆ ಯಾರು ಎಷ್ಟು ಹೊತ್ತಿಗೆ ಬಂದ್ರು ಅನ್ನೋದ್ರ ಮೇಲೇ ಅವರು ಯಾರು ಅಂತ ಅಂದಾಜು ಮಾಡಬಹುದು. ಇಲ್ಲಿ ರಸ್ತೆ ಪಕ್ಕದ ಮನೆಗಳೇ ಸ್ಟೇಷನರಿ ಫೇಸ್, ಅಂದ್ರೆ ಅಲ್ಲಾಡದೆ ಕೂತಿರೋದು. ಜನರನ್ನ ಮುಂದೆ ತಳ್ಳೋದು ಮೊಬೈಲ್ ಫೇಸ್, ಹರಿಯೋ ದ್ರವ ಅಥ್ವಾ ಗ್ಯಾಸ್. ಕೊನೆಯಲ್ಲಿ ನಿಂತಿರೋದು ಡಿಟೆಕ್ಟರ್. ಒಂದು ವಸ್ತು ಹೊರಗೆ ಬರೋಕೆ ಹಿಡಿಯೋ ಟೈಮಿಗೆ ರಿಟೆನ್ಷನ್ ಟೈಮ್ ಅಂತೀವಿ. ಕ್ರೊಮ್ಯಾಟೋಗ್ರಫಿಯಲ್ಲಿ ಎಷ್ಟೇ ವಿಧ ಇದ್ರೂ, ಅಂಟ್ಕೊಳ್ಳೋದು ಏನಕ್ಕೆ, ಕರ್ಕೊಂಡು ಹೋಗೋದು ಯಾವ್ದು, ಈ ಎರಡು ಬದಲಾಗತ್ತೆ ಅಷ್ಟೇ.

ನಮ್ಮ ಲ್ಯಾಬಲ್ಲಿ ಹಗಲೂ ರಾತ್ರಿ ಓಡೋದು ಎಚ್‌ಪಿಎಲ್‌ಸಿ, ಅಂದ್ರೆ ಪಂಪಿಂದ ದ್ರವ ಒತ್ತಿ ಮಾಡೋ ಕ್ರೊಮ್ಯಾಟೋಗ್ರಫಿ. ಅದರ ಕಾಲಮ್ ನೋಡಿದ್ರೆ ನಿಮಗೆ ನಗು ಬರತ್ತೆ, ಒಂದು ಗೇಣಿಗಿಂತ ಸ್ವಲ್ಪ ಉದ್ದದ ಸ್ಟೀಲ್ ಪೈಪು, 250 ಮಿಲಿಮೀಟರ್, ಒಳಗಿನ ತೂತು ಬರೀ 4.6 ಮಿಲಿಮೀಟರ್. ಅದರೊಳಗೆ 5 ಮೈಕ್ರಾನ್ ಗಾತ್ರದ ಸಿಲಿಕಾ ಕಣಗಳು ಒತ್ತಿ ತುಂಬಿರತ್ತೆ, ಪ್ರತಿ ಕಣದ ಮೈಮೇಲೂ 18 ಕಾರ್ಬನ್ ಉದ್ದದ ಸರಪಳಿಗಳು ಕೂದಲಿನ ಥರ, ಅದಕ್ಕೇ ಸಿ18 ಕಾಲಮ್ ಅನ್ನೋದು. ಆ ಕೂದಲು ಎಣ್ಣೆ ಜಾತಿದು, ನೀರಂದ್ರೆ ಆಗಲ್ಲ. ಹಾಗಾಗಿ ನೀರು ಇಷ್ಟಪಡೋ ವಸ್ತು ಅಲ್ಲಿ ನಿಲ್ಲದೆ ಬೇಗ ಹೊರಗೆ ಬರತ್ತೆ, ಜಿಡ್ಡಿನ ಗುಣ ಜಾಸ್ತಿ ಇರೋದು ಅಂಟ್ಕೊಂಡು ತಡವಾಗಿ ಬರತ್ತೆ. ಪ್ಯಾರಾಸಿಟಮಾಲ್ ಐಬುಪ್ರೊಫೆನ್ ಎರಡೂ ಇರೋ ಮಾತ್ರೆ ಹಾಕಿದ್ರೆ ಪ್ಯಾರಾಸಿಟಮಾಲ್ ಮೊದಲು ಓಡಿಬಂದು ಬಿಡತ್ತೆ, ಐಬುಪ್ರೊಫೆನ್ ಒಳಗೇ ತಡಕಾಡ್ತಾ ಇರತ್ತೆ, ಅದನ್ನ ಎಬ್ಬಿಸಿ ಕರ್ಕೊಂಡು ಬರೋಕೆ ಮೊಬೈಲ್ ಫೇಸಲ್ಲಿ ಅಸಿಟೋನೈಟ್ರೈಲೋ ಮೆಥನಾಲೋ ಅಂಥ ದ್ರಾವಕ ಜಾಸ್ತಿ ಮಾಡಬೇಕು. ಇದಕ್ಕೆ ರಿವರ್ಸ್ ಫೇಸ್ ಅಂತಾರೆ. ರಿವರ್ಸ್ ಯಾಕೆ ಅಂದ್ರೆ ಮೊದಲು ಬಂದಿದ್ದು ಇದಕ್ಕೆ ಉಲ್ಟಾ, ಬರೀ ಸಿಲಿಕಾ ಕಣ, ಅದರ ಮೇಲೆ ಹೆಕ್ಸೇನ್ ಥರದ ದ್ರಾವಕ, ಅದಕ್ಕೆ ನಾರ್ಮಲ್ ಅಂತ ಹೆಸರು ಬಿದ್ದುಬಿಟ್ಟಿತ್ತು. ಈಗ ನಾರ್ಮಲ್ ಅನ್ನೋದೇ ಅಪರೂಪ, ರಿವರ್ಸೇ ನಾರ್ಮಲ್ ಆಗಿದೆ, ಹೆಸರು ಯಾರೂ ತಿದ್ದಿಲ್ಲ.

ಇಷ್ಟು ಸಣ್ಣ ಕಣಗಳ ಮಧ್ಯೆ ದ್ರವ ತಾನಾಗೇ ಇಳಿಯಲ್ಲ, ಪಂಪು ಒತ್ತಬೇಕು, 100ರಿಂದ 300 ಬಾರ್ ಪ್ರೆಷರ್ ಮಾಮೂಲಿ. ಕಾರಿನ ಟೈರಲ್ಲಿ ಇರೋದು ಎರಡು ಚಿಲ್ಲರೆ ಬಾರ್ ಅಂದ್ರೆ ಲೆಕ್ಕ ಹಾಕ್ಕೊಳ್ಳಿ. ಕಣದ ಗಾತ್ರ ಅರ್ಧ ಮಾಡಿದ್ರೆ ಪ್ರೆಷರ್ ನಾಲ್ಕು ಪಟ್ಟು ಏರತ್ತೆ. ಈಗಿನ ಯುಎಚ್‌ಪಿಎಲ್‌ಸಿ, ಅಂದ್ರೆ ಇದರದ್ದೇ ಇನ್ನೂ ಜೋರಿನ ಅವತಾರದಲ್ಲಿ 2 ಮೈಕ್ರಾನ್‌ಗಿಂತ ಸಣ್ಣ ಕಣ, 1000 ಬಾರ್ ತನಕ ಹೋಗತ್ತೆ, ಅರ್ಧ ಗಂಟೆ ಹಿಡೀತಿದ್ದ ಟೆಸ್ಟು ಐದಾರು ನಿಮಿಷಕ್ಕೆ ಮುಗಿದ ಉದಾಹರಣೆ ನಾನೇ ನೋಡಿದೀನಿ. ಹಂಗಂತ ಸುಮ್ನೆ ಜೋರಾಗಿ ತಳ್ಳಿದ್ರೆ ಆಗಲ್ಲ. ಜಾಸ್ತಿ ಸ್ಪೀಡಾದ್ರೂ ಪೀಕ್, ಅಂದ್ರೆ ಔಷಧಿ ಬಂದಾಗ ಸ್ಕ್ರೀನ್ ಮೇಲೆ ಏಳೋ ಗುಡ್ಡ, ಅಗಲ ಆಗತ್ತೆ, ತುಂಬಾ ನಿಧಾನ ಆದ್ರೂ ಅಗಲ ಆಗತ್ತೆ, ಮಧ್ಯದಲ್ಲಿ ಒಂದು ಹದ ಇದೆ, ಆ ಹದ ಎಲ್ಲಿ ಬರತ್ತೆ ಅನ್ನೋ ಲೆಕ್ಕವನ್ನ 1956ರಲ್ಲೇ ವಾನ್ ಡೀಮ್‌ಟರ್ ಮತ್ತು ಜೊತೆಗಾರರು ಸಮೀಕರಣ ಮಾಡಿ ಕೊಟ್ಟಿದಾರೆ, ಫಾರ್ಮಸಿ ಓದಿದವರಿಗೆ ಪರೀಕ್ಷೆಗೆ ಬಾಯಿಪಾಠ ಮಾಡಿದ್ದು ನೆನಪಿರಬಹುದು.

ಈಗ ಒಂದು ದಿನದ ಕೆಲಸ ಹೇಳ್ತೀನಿ, ಫೇಲ್ ಅನ್ನೋದು ಎಲ್ಲಿ ಹುಟ್ಟತ್ತೆ ಅಂತ ಗೊತ್ತಾಗ್ಲಿ. ಬೆಳಿಗ್ಗೆ ಬಂದ ತಕ್ಷಣ ಮೊಬೈಲ್ ಫೇಸಿಗೆ ಬಫರ್, ಅಂದ್ರೆ ಪಿಎಚ್ ಅಲ್ಲಾಡದ ಹಾಗೆ ಹಿಡಿಯೋ ದ್ರವ, ಮಾಡ್ಕೋಬೇಕು, ಪಿಎಚ್ ನೋಡ್ಕೋಬೇಕು, 0.45 ಮೈಕ್ರಾನ್ ಫಿಲ್ಟರಲ್ಲಿ ಸೋಸಬೇಕು, ಸಾನಿಕೇಟರಲ್ಲಿಟ್ಟು, ಅಂದ್ರೆ ಶಬ್ದದ ಅಲೆಯಿಂದ ಅಲುಗಾಡಿಸೋ ತೊಟ್ಟಿಯಲ್ಲಿಟ್ಟು, ಗಾಳಿಗುಳ್ಳೆ ತೆಗೀಬೇಕು, ಒಂದು ಗುಳ್ಳೆ ಪಂಪಿಗೆ ಹೋದ್ರೂ ಬೇಸ್‌ಲೈನ್, ಅಂದ್ರೆ ಸ್ಕ್ರೀನ್ ಮೇಲಿನ ಚಪ್ಪಟೆ ಗೆರೆ, ಕುಣಿಯೋಕೆ ಶುರು ಮಾಡತ್ತೆ. ಆಮೇಲೆ 20 ಮಾತ್ರೆ ತೂಕ ಮಾಡಿ, ಅರೆದು, ಒಂದು ಮಾತ್ರೆಗೆ ಬರೋ ತೂಕದ ಲೆಕ್ಕದಲ್ಲಿ ಪುಡಿ ತಗೊಂಡು, ಅಳತೆ ಫ್ಲಾಸ್ಕಲ್ಲಿ ಕರಗಿಸಿ, ಸೋಸಿ, ಚಿಕ್ಕ ವಯಲ್‌ಗೆ ಹಾಕಿ ಮಿಷಿನ್ನಲ್ಲಿ ಇಡ್ತೀವಿ. ಮಿಷಿನ್ನು ಅದರಿಂದ 10 ಅಥ್ವಾ 20 ಮೈಕ್ರೋಲೀಟರ್ ಮಾತ್ರ ಎಳ್ಕೊಳ್ಳತ್ತೆ, ಒಂದು ಹನಿಗಿಂತ ಕಮ್ಮಿ. ಸ್ಕ್ರೀನ್ ಮೇಲೆ ಒಂದು ಚಪ್ಪಟೆ ಗೆರೆ ಓಡ್ತಾ ಇರತ್ತೆ, ಔಷಧಿ ಡಿಟೆಕ್ಟರ್ ಮುಂದೆ ಬಂದ ಕ್ಷಣ ಗೆರೆ ಮೇಲೆದ್ದು ಗುಡ್ಡ ಆಗಿ ಮತ್ತೆ ಇಳಿಯತ್ತೆ. ಅದೇ ಪೀಕ್. ಎಷ್ಟೊತ್ತಿಗೆ ಬಂತು ಅನ್ನೋದು ಅದು ಯಾರು ಅಂತ ಹೇಳತ್ತೆ, ಗುಡ್ಡದ ಕೆಳಗಿನ ಏರಿಯಾ ಎಷ್ಟು ಅನ್ನೋದು ಅದು ಎಷ್ಟಿದೆ ಅಂತ ಹೇಳತ್ತೆ.

ಇಲ್ಲಿ ಒಂದು ಮುಖ್ಯ ವಿಷ್ಯ, ಮಿಷಿನ್ನಿಗೆ ಮಿಲಿಗ್ರಾಂ ಗೊತ್ತಿಲ್ಲ. ಅದು ಹೇಳೋದು ಬರೀ ಏರಿಯಾ. ಶುದ್ಧತೆ ಖಚಿತ ಆಗಿರೋ ಸ್ಟ್ಯಾಂಡರ್ಡ್ ಒಂದನ್ನ ಪಕ್ಕದಲ್ಲಿ ಓಡಿಸಿ ಹೋಲಿಸಿದಾಗ್ಲೇ ನಂಬರ್ ಸಿಗೋದು. ಒಂದೇ ಗಾಢತೆ ಇದ್ದು ಸ್ಟ್ಯಾಂಡರ್ಡ್ ಏರಿಯಾ 12,00,000, ಮಾತ್ರೆದು 11,64,000 ಬಂದ್ರೆ 97 ಪರ್ಸೆಂಟ್, 500 ಮಿಲಿಗ್ರಾಂ ಅಂತ ಬರೆದಿರೋ ಮಾತ್ರೆಯಲ್ಲಿ 485 ಇದೆ ಅಂತ. ಹಂಗಾಗಿ ಮಾತ್ರೆಗಿಂತ ಮೊದಲು ಮಿಷಿನ್ನಿಗೇ ಪರೀಕ್ಷೆ. ಅದಕ್ಕೆ ಸಿಸ್ಟಂ ಸೂಟಬಿಲಿಟಿ ಅಂತಾರೆ, ಒಂದೇ ಸ್ಟ್ಯಾಂಡರ್ಡನ್ನ ಐದು ಸಲ ಹಾಕಿ ಏರಿಯಾಗಳ ವ್ಯತ್ಯಾಸ, ಅಂದ್ರೆ ಆರ್‌ಎಸ್‌ಡಿ, ಸಾಮಾನ್ಯವಾಗಿ 2 ಪರ್ಸೆಂಟ್ ಒಳಗಿರಬೇಕು, ಪೀಕ್ ಬಾಲ ಎಳೀಬಾರ್ದು, ಪಕ್ಕಪಕ್ಕದ ಎರಡು ಪೀಕ್ ಮಧ್ಯೆ ರೆಸಲ್ಯೂಷನ್ ಇರಬೇಕು, 1.5 ಇದ್ರೆ ಎರಡೂ ಬುಡದ ತನಕ ಬೇರೆ ಆಗಿವೆ ಅಂತ. ಇಷ್ಟು ಪಾಸಾಗ್ಲಿಲ್ಲ ಅಂದ್ರೆ ಆ ದಿನ ಬಂದ ರಿಸಲ್ಟಿಗೆ ಕವಡೆ ಕಿಮ್ಮತ್ತಿಲ್ಲ.

ನನ್ನದೇ ಒಂದು ಕಥೆ ಹೇಳಿಬಿಡ್ತೀನಿ. ಸೇರಿದ ಹೊಸತು, ಒಂದು ಮಾತ್ರೆಗೆ 88 ಪರ್ಸೆಂಟ್ ಬಂತು, ಕೈಕಾಲು ನಡುಗಿತು, ಇಡೀ ಬ್ಯಾಚು ಫೇಲ್ ಅಂತ. ಇಂಥ ರಿಸಲ್ಟ್ ಬಂದ್ರೆ ಇನ್ನೊಂದ್ಸಲ ಮಾಡಿ ನೋಡೋಣ ಅಂತ ಬಿಡೋ ಹಾಗಿಲ್ಲ, ಓಓಎಸ್, ಅಂದ್ರೆ ರಿಸಲ್ಟ್ ಲಿಮಿಟ್ಟಿನ ಹೊರಗೆ ಹೋಗಿದೆ ಅಂತ ತನಿಖೆ ಶುರು ಆಗತ್ತೆ. ಸೀನಿಯರ್ ಮೇಡಂ ಬಂದವರು ಮಿಷಿನ್ ಕಡೆ ನೋಡ್ಲೇ ಇಲ್ಲ, ಸೀದಾ ನನ್ನ ಫ್ಲಾಸ್ಕ್ ಎತ್ತಿ ಲೈಟಿಗೆ ಹಿಡಿದ್ರು. ತಳದಲ್ಲಿ ಸಣ್ಣಗೆ ಪುಡಿ ಕೂತಿತ್ತು. "ಏನಪ್ಪಾ, ಎಷ್ಟೊತ್ತು ಸಾನಿಕೇಟ್ ಮಾಡ್ದೆ?" ಅಂದ್ರು. ಮೆಥಡ್ಡಲ್ಲಿ 20 ನಿಮಿಷ ಅಂತಿತ್ತು, ನಾನು ಐದು ನಿಮಿಷಕ್ಕೇ ತೆಗೆದಿದ್ದೆ, ಊಟಕ್ಕೆ ಲೇಟಾಗಿತ್ತು. ಅದೇ ಫ್ಲಾಸ್ಕನ್ನ ಮತ್ತೆ ಇಟ್ಟು ಪೂರ್ತಿ ಕರಗಿಸಿ ಹಾಕಿದಾಗ 98.9. ಮಾತ್ರೆಯಲ್ಲಿ ಏನೂ ಐಬಿರಲಿಲ್ಲ, ಐಬು ನನ್ನ ಹೊಟ್ಟೆಹಸಿವಲ್ಲಿತ್ತು. ಆವತ್ತಿಂದ ನನಗೆ ಫೇಲ್ ಅನ್ನೋ ಪದ ನೋಡಿದ್ರೆ ಮೊದಲು ಬರೋ ಪ್ರಶ್ನೆ, ಯಾರು ಫೇಲು, ಮಾತ್ರೆನೋ ಅನಲಿಸ್ಟೋ.

ಇನ್ನು ಲಿಮಿಟ್ಟಿನ ವಿಷ್ಯ. ಪ್ಯಾರಾಸಿಟಮಾಲ್ ಮಾತ್ರೆನೇ ತಗೊಳ್ಳಿ, ಅಮೆರಿಕದ ಫಾರ್ಮಾಕೋಪಿಯಾ, ಅಂದ್ರೆ ಔಷಧಿ ಗುಣಮಟ್ಟದ ಅಧಿಕೃತ ಪುಸ್ತಕದ ಪ್ರಕಾರ 90ರಿಂದ 110 ಪರ್ಸೆಂಟ್ ಇರಬಹುದು, ಬ್ರಿಟಿಷ್ ಫಾರ್ಮಾಕೋಪಿಯಾ ಪ್ರಕಾರ 95ರಿಂದ 105. ಅಂದ್ರೆ 93 ಬಂದ ಮಾತ್ರೆ ಒಂದು ಪುಸ್ತಕದಲ್ಲಿ ಪಾಸು, ಇನ್ನೊಂದರಲ್ಲಿ ಫೇಲು. ನೀವು ಫೇಲ್ ಅಂತ ದಪ್ಪಕ್ಷರದಲ್ಲಿ ಹಾಕಿದಾಗ ಅದು 93ರ ಫೇಲೋ 9ರ ಫೇಲೋ ಹೇಳ್ಬೇಕಾ ಬೇಡ್ವಾ? ನನ್ನ ಪ್ರಕಾರ ಹೇಳ್ಲೇಬೇಕು. 93 ಇರೋದು ಸರಿ ಅಂತ ನಾನು ಹೇಳ್ತಿಲ್ಲ, ಕಂಪನಿಯವರು ಉತ್ತರ ಕೊಡ್ಲೇಬೇಕು, ಆದ್ರೆ ಅದು ಮೋಸ ಅಲ್ಲ. 9 ಇದ್ರೆ ಅದು ಬೇರೆನೇ ಕೇಸು.

ಹಾಗೆ ನೋಡಿದ್ರೆ ಎಷ್ಟಿದೆ ಅನ್ನೋದಕ್ಕಿಂತ ಜೊತೆಗೆ ಏನಿದೆ ಅನ್ನೋದೇ ಕ್ರೊಮ್ಯಾಟೋಗ್ರಫಿಯ ನಿಜವಾದ ಕೆಲಸ. ಪ್ಯಾರಾಸಿಟಮಾಲ್ ಒಡೆದ್ರೆ 4-ಅಮೈನೋಫಿನಾಲ್ ಅನ್ನೋದು ಹುಟ್ಟತ್ತೆ, ಕಿಡ್ನಿಗೆ ಒಳ್ಳೇದಲ್ಲ. ಕಚ್ಚಾ ಪುಡಿಯಲ್ಲಿ ಅದಕ್ಕಿರೋ ಲಿಮಿಟ್ 50 ಪಿಪಿಎಂ, ಒಂದು ಕಿಲೋದಲ್ಲಿ 50 ಮಿಲಿಗ್ರಾಂ. ಎರಡೂ ಬಿಳಿ ಪುಡಿ, ಎರಡೂ ಯುವಿ ಬೆಳಕು ಹೀರ್ಕೊಳ್ಳತ್ತೆ, ಬೇರೆ ಮಾಡದೆ ಸುಮ್ನೆ ಬೆಳಕು ಹಾಯಿಸಿ ಅಳೆದ್ರೆ ಎರಡೂ ಸೇರಿ ಒಂದೇ ನಂಬರ್ ಬರತ್ತೆ, ಕೆಟ್ಟಿರೋದೂ ಒಳ್ಳೇದರ ಲೆಕ್ಕಕ್ಕೇ ಜಮಾ ಆಗಿಬಿಡತ್ತೆ. ಕಾಲಮ್ ಒಳಗೆ ಹಾಯಿಸಿದ್ರೆ ಎರಡೂ ಬೇರೆಬೇರೆ ಹೊತ್ತಿಗೆ ಬರತ್ತೆ, ದೊಡ್ಡ ಬೆಟ್ಟದ ಪಕ್ಕ ಇರುವೆಗೂಡಿನ ಥರ ಒಂದು ಪುಟ್ಟ ಪೀಕು, ನಾವು ಸ್ಕ್ರೀನಲ್ಲಿ ಜೂಮ್ ಮಾಡ್ಕೊಂಡು ಹುಡುಕೋದು ಅದನ್ನೇ. ನಿಮ್ಮ ವರದಿಗಳಲ್ಲಿ "ಕಲ್ಮಶ ಪತ್ತೆ" ಅಂತ ಬರತ್ತಲ್ಲ, ಅದು ಇದು. ಕಲ್ಮಶ ಇಲ್ಲದ ಮಾತ್ರೆ ಯಾವ್ದೂ ಇಲ್ಲ ಸ್ವಾಮಿ, ಲಿಮಿಟ್ ದಾಟಿದ್ಯಾ ಅನ್ನೋದಷ್ಟೇ ಪ್ರಶ್ನೆ.

ಮಾತ್ರೆ ಕರಗೋದು, ಅಂದ್ರೆ ಡಿಸಲ್ಯೂಷನ್, ಬೇರೆ ಟೆಸ್ಟು. ಬಹಳ ಸಲ 900 ಎಂಎಲ್ ದ್ರವ, 37 ಡಿಗ್ರಿ, ಮೈಯ ಬಿಸಿ ಎಷ್ಟೋ ಅಷ್ಟು, ಅದರಲ್ಲಿ ಮಾತ್ರೆ ಹಾಕಿ ತಿರುಗಿಸಿ ಇಂತಿಷ್ಟು ನಿಮಿಷಕ್ಕೆ ಎಷ್ಟು ಕರಗಿದೆ ಅಂತ ನೋಡೋದು. ಕರಗಿದ್ದನ್ನ ಅಳೆಯೋಕೆ ಮತ್ತೆ ಯುವಿ ಅಥ್ವಾ ಎಚ್‌ಪಿಎಲ್‌ಸಿನೇ ಬೇಕು. ನಿಮ್ಮ ಫೇಲ್ ಲಿಸ್ಟಲ್ಲಿ ಈ ಥರದ ಕೇಸೂ ಸೇರಿರತ್ತೆ, ಓದೋರಿಗೆ ಮಾತ್ರ ಅದು ವಿಷದ ಪಕ್ಕದಲ್ಲೇ ಕೂತಿರೋ ಹಾಗೆ ಕಾಣತ್ತೆ.

ವಿಷ ಹಿಡಿಯೋದು ಅಂದ್ರೆ ಜಿಸಿ, ಗ್ಯಾಸ್ ಕ್ರೊಮ್ಯಾಟೋಗ್ರಫಿ, ಇದರ ಕಥೆ ಸ್ವಲ್ಪ ನಿಂತು ಹೇಳಬೇಕು. ಇಲ್ಲಿ ಮೊಬೈಲ್ ಫೇಸ್ ದ್ರವ ಅಲ್ಲ, ನೈಟ್ರೊಜನ್ ಅಥ್ವಾ ಹೀಲಿಯಂ ಗ್ಯಾಸು. ಕಾಲಮ್ ಕೂದಲಿಗಿಂತ ಸ್ವಲ್ಪ ದಪ್ಪದ ಕೊಳವೆ, 30 ಮೀಟರ್ ಉದ್ದ ಇದ್ರೂ ಬಳೆ ಥರ ಸುತ್ತಿ ಒಂದು ಓವನ್ ಒಳಗೆ ತೂಗುಹಾಕಿರ್ತಾರೆ. ಕಾಯಿಸಿದ್ರೆ ಆವಿ ಆಗೋ ವಸ್ತುಗಳಿಗೆ ಮಾತ್ರ ಇದು, ಕಾಯಿಸಿದ್ರೆ ಹಾಳಾಗೋದಕ್ಕೆ ಇದು ಬೇಡ. ಕೊನೆಯಲ್ಲಿ ಬಹಳ ಸಲ ಎಫ್‌ಐಡಿ ಇರತ್ತೆ, ಪುಟ್ಟ ಹೈಡ್ರೊಜನ್ ಜ್ವಾಲೆ, ಹೊರಗೆ ಬಂದಿದ್ದು ಅದರಲ್ಲಿ ಉರಿದಾಗ ಸಿಗ್ನಲ್ ಬರತ್ತೆ. ಸಿರಪ್‌ಗೆ ಹಾಕೋ ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್ ನೋಡೋಕೆ ಹೇಗಿರತ್ತೆ? ಬಣ್ಣ ಇಲ್ಲ, ಮಂದ ದ್ರವ. ಡೈಎಥಿಲೀನ್ ಗ್ಲೈಕಾಲ್ ಹೇಗಿರತ್ತೆ? ಅದೂ ಹಂಗೇ, ಬಣ್ಣ ಇಲ್ಲ, ಮಂದ, ಬಾಯಿಗೆ ಸಿಹಿ ಬೇರೆ. ಬೆಳ್ಳಗಿರೋದೆಲ್ಲಾ ಹಾಲಲ್ಲ ಅಂತ ದೊಡ್ಡೋರು ಹೇಳಿದ್ದು ಇದಕ್ಕೇ ಹೇಳಿದ ಹಾಗಿದೆ. 1937ರಲ್ಲಿ ಅಮೆರಿಕದಲ್ಲಿ ಸಲ್ಫನಿಲಮೈಡ್ ಔಷಧಿನ ಈ ಡೈಎಥಿಲೀನ್ ಗ್ಲೈಕಾಲಲ್ಲಿ ಕರಗಿಸಿ ಮಾರಿ 100ಕ್ಕೂ ಹೆಚ್ಚು ಜನ ಸತ್ರು, ಅದರ ಮುಂದಿನ ವರ್ಷವೇ ಅಲ್ಲಿ ಹೊಸ ಔಷಧಿ ಕಾನೂನು ಬಂತು. ಅಷ್ಟಾದ್ಮೇಲೂ ನಿಂತಿಲ್ಲ ನೋಡಿ, 2022ರ ಅಕ್ಟೋಬರಲ್ಲಿ ಗ್ಯಾಂಬಿಯಾದಲ್ಲಿ ಮಕ್ಕಳ ಸಾವಿನ ಹಿನ್ನೆಲೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಕೆ ಕೊಟ್ಟಿದ್ದೂ ಕೆಮ್ಮಿನ ಸಿರಪ್‌ಗಳಲ್ಲಿ ಸಿಕ್ಕ ಡೈಎಥಿಲೀನ್ ಗ್ಲೈಕಾಲ್, ಎಥಿಲೀನ್ ಗ್ಲೈಕಾಲ್ ಬಗ್ಗೆನೇ. ಜಿಸಿಯಲ್ಲಿ ಹಾಕಿದ್ರೆ ಈ ಮೂರ್ನಾಲ್ಕೂ ಬೇರೆಬೇರೆ ಹೊತ್ತಿಗೆ ಬರತ್ತೆ, ಆ ಎರಡು ವಿಷಕ್ಕಿರೋ ಲಿಮಿಟ್ 0.10 ಪರ್ಸೆಂಟ್, ನೂರು ಗ್ರಾಂನಲ್ಲಿ ಒಂದು ಗ್ರಾಂನ ಹತ್ತನೇ ಒಂದು ಪಾಲು. ಗ್ಲಿಸರಿನ್ ಅಂತ ಬಂದ ಡ್ರಮ್ಮಿಂದ ಒಂದು ಚೂರು ತೆಗೆದು ಜಿಸಿಗೆ ಹಾಕೋಕೆ ಒಂದು ಗಂಟೆ ಸಾಕು. ಹಾಕದೆ ಲೇಬಲ್ ಓದಿ ಗ್ಲಿಸರಿನ್ ಅಂತ ಸಹಿ ಮಾಡಿದ್ರೆ ಆಮೇಲೆ ಸಿರಪ್ಪಿನಲ್ಲಿ ಔಷಧಿ ಎಷ್ಟಿದೆ ಅಂತ ಎಚ್‌ಪಿಎಲ್‌ಸಿಯಲ್ಲಿ ನೂರು ಸಲ ನೋಡಿದ್ರೂ 100 ಪರ್ಸೆಂಟೇ ಬರತ್ತೆ, ಪಾಸೇ ಆಗತ್ತೆ. ಈ ಸಾಲನ್ನ ಇನ್ನೊಂದ್ಸಲ ಓದಿ ಅಂತ ಕೇಳ್ಕೋತೀನಿ, ಪಾಸಾದ ಸಿರಪ್ಪೇ ಕೊಲ್ಲಬಹುದು, ಯಾಕಂದ್ರೆ ಕೇಳಿದ ಪ್ರಶ್ನೆ ಬೇರೆ.

ಇದೇ ಜಿಸಿಗೆ ಹೆಡ್‌ಸ್ಪೇಸ್, ಅಂದ್ರೆ ಮುಚ್ಚಿದ ವಯಲ್ ಕಾಯಿಸಿ ಮೇಲೆ ನಿಂತ ಆವಿ ಎಳೆಯೋದು, ಜೋಡಿಸಿದ್ರೆ ಔಷಧಿ ತಯಾರಿಸೋವಾಗ ಬಳಸಿ ಉಳಿದುಹೋದ ದ್ರಾವಕಗಳನ್ನೂ ಹಿಡೀಬಹುದು, ಮೆಥನಾಲ್ 3000 ಪಿಪಿಎಂ ತನಕ ಒಪ್ತಾರೆ, ಬೆಂಜೀನ್ ಬರೀ 2.

ಟಿಎಲ್‌ಸಿ, ಅಂದ್ರೆ ಥಿನ್ ಲೇಯರ್ ಕ್ರೊಮ್ಯಾಟೋಗ್ರಫಿ ಬಗ್ಗೆ ನಮ್ಮ ಹುಡುಗರಿಗೆ ಅಸಡ್ಡೆ, ಹಳೇ ಕಾಲದ್ದು ಅಂತ. ಸಿಲಿಕಾ ಬಳಿದ ಅಂಗೈ ಅಗಲದ ತಗಡು, ಕೆಳಗೆ ಸ್ಟ್ಯಾಂಡರ್ಡಿಂದು ಒಂದು ಚುಕ್ಕೆ, ಮಾತ್ರೆದು ಒಂದು ಚುಕ್ಕೆ, ದ್ರಾವಕ ಇರೋ ಜಾರಲ್ಲಿ ನಿಲ್ಲಿಸಿದ್ರೆ ಅದು ದೀಪದ ಬತ್ತಿಗೆ ಎಣ್ಣೆ ಏರೋ ಹಾಗೆ ಮೇಲಕ್ಕೇರತ್ತೆ, ಚುಕ್ಕೆಗಳೂ ಜೊತೆಗೆ ಹೋಗ್ತವೆ. 254 ನ್ಯಾನೊಮೀಟರ್ ಯುವಿ ದೀಪದ ಕೆಳಗೆ ಹಿಡಿದ್ರೆ ಹಸಿರು ಹೊಳಪಿನ ಮೇಲೆ ಕಪ್ಪು ಚುಕ್ಕೆ. ಎರಡೂ ಒಂದೇ ಎತ್ತರಕ್ಕೆ ಬಂದು ಒಂದೇ ಗಾತ್ರ ಇದ್ರೆ ಸಮಾಧಾನ, ಮಾತ್ರೆ ಜಾಗದಲ್ಲಿ ಚುಕ್ಕೆನೇ ಇಲ್ಲ ಅಂದ್ರೆ ಹಿಟ್ಟಿನ ಮಾತ್ರೆ. ಕರೆಂಟ್ ಕೂಡ ನೆಟ್ಟಗಿಲ್ಲದ ಕಡೆ ನಕಲಿ ಮಲೇರಿಯಾ ಔಷಧಿ ಹಿಡಿಯೋಕೆ ಜರ್ಮನಿಯ ಒಂದು ಸಂಸ್ಥೆ ಮಾಡಿರೋ ಮಿನಿಲ್ಯಾಬ್ ಇದೆ, ಸೂಟ್‌ಕೇಸಲ್ಲಿ ಹೊತ್ಕೊಂಡು ಹೋಗೋ ಅಂಥದ್ದು, ಅದರ ಜೀವಾಳ ಈ ಟಿಎಲ್‌ಸಿನೇ. ನಕಲಿ ಔಷಧಿ ಬಗ್ಗೆ ನೀವು ಬರೆಯೋವಾಗ ದೊಡ್ಡ ಯಂತ್ರಗಳಿಲ್ಲ ಅನ್ನೋ ದೂರು ಇರತ್ತೆ, ಪೂರ್ತಿ ನಕಲಿ ಹಿಡಿಯೋಕೆ ದೊಡ್ಡ ಯಂತ್ರ ಬೇಕಾಗಿಲ್ಲ, 93ಕ್ಕೂ 96ಕ್ಕೂ ವ್ಯತ್ಯಾಸ ಹೇಳೋಕೆ ಬೇಕು.

ಉಳಿದ ವಿಧಗಳನ್ನ ಬೇಗ ಹೇಳಿ ಮುಗಿಸ್ತೀನಿ. ವಿದ್ಯುತ್ ಚಾರ್ಜ್ ನೋಡಿ ಹಿಡ್ಕೊಳ್ಳೋದು ಅಯಾನ್ ಎಕ್ಸ್‌ಚೇಂಜ್. ಗಾತ್ರ ನೋಡಿ ಬೇರೆ ಮಾಡೋದು ಸೈಜ್ ಎಕ್ಸ್‌ಕ್ಲೂಷನ್, ಅದರಲ್ಲಿ ದೊಡ್ಡ ಅಣುಗಳೇ ಮೊದಲು ಬರೋದು, ಯಾಕಂದ್ರೆ ಸಣ್ಣವು ಕಣಗಳ ತೂತಿನೊಳಗೆಲ್ಲಾ ಹೊಕ್ಕು ಸುತ್ತಾಡ್ಕೊಂಡು ಬರ್ತವೆ, ಆ್ಯಂಟಿಬಾಡಿ ಇಂಜೆಕ್ಷನ್‌ಗಳಲ್ಲಿ ಪ್ರೋಟೀನ್ ಒಂದಕ್ಕೊಂದು ಅಂಟ್ಕೊಂಡು ಗಂಟಾಗಿದ್ಯಾ ಅಂತ ನೋಡೋಕೆ ಇದೇ ಬೇಕು. ಅದೇ ಆ್ಯಂಟಿಬಾಡಿಗಳನ್ನ ತಯಾರಿಸೋವಾಗ ಶುದ್ಧ ಮಾಡೋಕೆ ಪ್ರೋಟೀನ್ ಎ ಕಾಲಮ್ ಬಳಸೋದು ಅಫಿನಿಟಿ, ಬೀಗಕ್ಕೆ ಕೀಲಿ ಕೂತ ಹಾಗೆ. ಎಡಗೈ ಬಲಗೈ ಥರ ಕನ್ನಡಿ ಬಿಂಬ ಆಗಿರೋ ಅಣುಗಳನ್ನ ಬೇರೆ ಮಾಡೋಕೆ ಕೈರಲ್ ಕಾಲಮ್, ಅದರ ಜೊತೆ ಏಗಿದೋರಿಗೇ ಗೊತ್ತು ಅದರ ಕಷ್ಟ.

ಹೆಪಾರಿನ್ ಮಾತ್ರ ಒಂದು ಮಾತು. ರಕ್ತ ಹೆಪ್ಪುಗಟ್ಟದ ಹಾಗೆ ಕೊಡೋ ಇಂಜೆಕ್ಷನ್ ಅದು. 2008ರಲ್ಲಿ ಅದಕ್ಕೆ ಓವರ್‌ಸಲ್ಫೇಟೆಡ್ ಕಾಂಡ್ರಾಯ್ಟಿನ್ ಸಲ್ಫೇಟ್ ಅನ್ನೋದು ಬೆರೆತಿತ್ತು, ಜನ ಸತ್ರು, ಆದ್ರೆ ಆಗಿದ್ದ ಟೆಸ್ಟಿನಲ್ಲಿ ಅದು ಪಾಸು. ಯಾಕಂದ್ರೆ ಟೆಸ್ಟ್ ನೋಡ್ತಿದ್ದಿದ್ದು ರಕ್ತ ಹೆಪ್ಪುಗಟ್ಟೋದು ತಡ ಆಗತ್ತಾ ಅಂತ, ಬೆರೆತಿದ್ದ ವಸ್ತುನೂ ಆ ಕೆಲಸ ಮಾಡ್ತಿತ್ತು. ಆಮೇಲೆ ಫಾರ್ಮಾಕೋಪಿಯಾ ತಿದ್ದಿ ಅಣುವಿನ ರಚನೆ ನೋಡೋ ಎನ್‌ಎಂಆರ್, ಅಯಾನ್ ಎಕ್ಸ್‌ಚೇಂಜ್ ಟೆಸ್ಟುಗಳನ್ನ ಸೇರಿಸಿದ್ರು.

ಈಗ ನನ್ನನ್ನ ಈ ಕಾಗದ ಬರೆಯೋ ಹಾಗೆ ಮಾಡಿದ ವಿಷ್ಯ, ನೈಟ್ರೋಸಮೈನ್ ಅನ್ನೋ ಗುಂಪಿನ ಕಲ್ಮಶಗಳು. 2018ರ ಜುಲೈನಲ್ಲಿ ವಲ್ಸಾರ್ಟಾನ್ ಅನ್ನೋ ಬೀಪಿ ಮಾತ್ರೆಗಳನ್ನ ದೇಶದೇಶಗಳಲ್ಲಿ ವಾಪಸ್ ತಗೊಂಡ್ರು, ಅದರಲ್ಲಿ ಇದೇ ಗುಂಪಿನ ಎನ್‌ಡಿಎಂಎ ಅನ್ನೋ, ಕ್ಯಾನ್ಸರ್ ತರಬಹುದು ಅನ್ನೋ ವಸ್ತು ಸಿಕ್ತು. ಔಷಧಿ ತಯಾರಿಸೋ ವಿಧಾನ ಬದಲಾಯಿಸಿದಾಗ ಡಿಎಂಎಫ್ ಅನ್ನೋ ದ್ರಾವಕ, ಸೋಡಿಯಂ ನೈಟ್ರೈಟ್ ಎಲ್ಲಾ ಸೇರಿ ಹುಟ್ಟಿದ್ದು. ಒಂದು ದಿನಕ್ಕೆ ಒಪ್ಪೋದು 96 ನ್ಯಾನೊಗ್ರಾಂ, 320 ಮಿಲಿಗ್ರಾಂ ಮಾತ್ರೆಯಲ್ಲಿ ಅದು ಹೆಚ್ಚುಕಮ್ಮಿ 33 ಲಕ್ಷದಲ್ಲಿ ಒಂದು ಪಾಲು. ನಮ್ಮ ಮಾಮೂಲಿ ಎಚ್‌ಪಿಎಲ್‌ಸಿ ಯುವಿ ಡಿಟೆಕ್ಟರಲ್ಲಿ ಅದು ಕಾಣೋದೇ ಇಲ್ಲ, ವರ್ಷಗಟ್ಟಲೆ ಬೇಸ್‌ಲೈನ್ ಒಳಗೇ ಅಡಗಿತ್ತು. ಕಾಲಮ್ ಕೊನೆಗೆ ಮಾಸ್ ಸ್ಪೆಕ್ಟ್ರೋಮೀಟರ್ ಜೋಡಿಸಿದಾಗ, ಅಂದ್ರೆ ಬಂದವರ ಟೈಮ್ ಜೊತೆ ಅವರ ತೂಕಾನೂ ನೋಡಿದಾಗ, ಹೊರಗೆ ಬಂತು.

ಇದಾದ್ಮೇಲೆ 2019ರಲ್ಲಿ ರಾನಿಟಿಡಿನ್, ಅಸಿಡಿಟಿ ಮಾತ್ರೆ. ಅಮೆರಿಕದ ಒಂದು ಖಾಸಗಿ ಲ್ಯಾಬು ಜಿಸಿ-ಎಂಎಸ್‌ನಲ್ಲಿ, ಅಂದ್ರೆ ಮಾಸ್ ಸ್ಪೆಕ್ಟ್ರೋಮೀಟರ್ ಜೋಡಿಸಿದ ಜಿಸಿಯಲ್ಲಿ ಹಾಕಿ ಎನ್‌ಡಿಎಂಎ ಬೆಚ್ಚಿಬೀಳೋ ಮಟ್ಟಕ್ಕಿದೆ ಅಂತು, ಸುದ್ದಿನೂ ಹಂಗೇ ಹಬ್ಬಿತು. ಆದ್ರೆ ಆ ವಿಧಾನದಲ್ಲಿ ಸ್ಯಾಂಪಲನ್ನ 130 ಡಿಗ್ರಿಗೆ ಕಾಯಿಸ್ತಿದ್ರು, ರಾನಿಟಿಡಿನ್ ಆ ಬಿಸಿಗೆ ತಾನೇ ಒಡೆದು ಎನ್‌ಡಿಎಂಎ ಮಾಡ್ಕೊಳ್ಳತ್ತೆ, ಅಷ್ಟು ದೊಡ್ಡ ನಂಬರ್ ಬಂದಿದ್ದು ಟೆಸ್ಟಿಂದಲೇ ಅಂತ ಅಲ್ಲಿನ ಔಷಧಿ ನಿಯಂತ್ರಕರಾದ ಎಫ್‌ಡಿಎ ಹೇಳಿ, ಕಾಯಿಸದೆ ದ್ರವದಲ್ಲೇ ಮಾಡೋ ಎಲ್‌ಸಿ-ಎಂಎಸ್ ವಿಧಾನ ಬಳಸಿ ಅಂತು. ಹಂಗಾದ್ರೆ ಮಾತ್ರೆ ನಿರಪರಾಧಿನಾ? ಅದೂ ಅಲ್ಲ. ಕಾಯಿಸದೆ ನೋಡಿದಾಗ್ಲೂ ಸ್ವಲ್ಪ ಸಿಕ್ತು, ಮಾತ್ರೆ ಹಳೇದಾದಷ್ಟೂ, ಬಿಸಿ ಜಾಗದಲ್ಲಿಟ್ಟಷ್ಟೂ ಅದು ಏರ್ತಾ ಹೋಗತ್ತೆ ಅಂತ ಗೊತ್ತಾಗಿ 2020ರ ಏಪ್ರಿಲಲ್ಲಿ ಅಮೆರಿಕದ ಮಾರ್ಕೆಟ್ಟಿಂದ ಪೂರ್ತಿ ತೆಗೀರಿ ಅಂದ್ರು. ಮೊದಲ ನಂಬರ್ ತಪ್ಪು, ಕೊನೆ ತೀರ್ಮಾನ ಸರಿ. ಯಾವ ವಿಧಾನದಲ್ಲಿ ನೋಡಿದ್ರು ಅನ್ನೋ ಒಂದು ಸಾಲು ಇಲ್ದೆ ಈ ಕಥೆ ಯಾರಿಗೆ ಅರ್ಥ ಆಗತ್ತೆ ಹೇಳಿ.

ನಮ್ಮವರ ತಪ್ಪೂ ಹೇಳ್ತೀನಿ, ಇಲ್ಲಾಂದ್ರೆ ನಮ್ಮ ಎಲೆಯಲ್ಲಿರೋದು ಬಿಟ್ಟು ಪಕ್ಕದ ಎಲೆಯದ್ದು ಹೇಳಿದ ಹಾಗಾಗತ್ತೆ. ಪೀಕಿನ ಏರಿಯಾ ಎಲ್ಲಿಂದ ಎಲ್ಲಿಗೆ ಅಂತ ಗೆರೆ ಎಳೆಯೋದು ಸಾಫ್ಟ್‌ವೇರು, ಆದ್ರೆ ಬೇಕಾದ್ರೆ ಕೈಯಿಂದಲೂ ಎಳೀಬಹುದು. ಆ ಗೆರೆನ ಒಂದು ಕೂದಲೆಳೆ ಮೇಲೆತ್ತಿದ್ರೆ, ಲಿಮಿಟ್ 0.20 ಅನ್ಕೊಳ್ಳಿ, 0.21 ಬಂದಿದ್ದ ಕಲ್ಮಶ 0.19 ಆಗಿ ಪಾಸಾಗ್ಬಿಡತ್ತೆ. ನಾನು ಹಿಂದೆ ಇದ್ದ ಒಂದು ಕಡೆ ಪಾಸಾಗೋ ತನಕ ಅದೇ ಸ್ಯಾಂಪಲನ್ನ ಮಿಷಿನ್ನಿಗೆ ಮತ್ತೆಮತ್ತೆ ಹಾಕೋ ಅಭ್ಯಾಸ ಇತ್ತು, ಮೊದಲಿನವಕ್ಕೆ "ಟ್ರಯಲ್" ಅಂತ ಹೆಸರು. ಈಗ ಸಾಫ್ಟ್‌ವೇರಲ್ಲಿ ಆಡಿಟ್ ಟ್ರೇಲ್ ಇರತ್ತೆ, ಯಾರು ಎಷ್ಟೊತ್ತಿಗೆ ಏನು ಬದಲಾಯಿಸಿದ್ರು ಎಲ್ಲಾ ದಾಖಲಾಗತ್ತೆ, ತನಿಖೆಗೆ ಬರೋರು ಮೊದಲು ಕೇಳೋದೂ ಅದನ್ನೇ. ನಿಮ್ಮ ವರದಿಗಾರರೂ ಕೇಳಬಹುದು, ತಪ್ಪೇನಿಲ್ಲ.

ಹಾಗಾಗಿ ನನ್ನ ಬೇಡಿಕೆ ಸಣ್ಣದು. ಮುಂದಿನ ಸಲ ಫೇಲ್ ಅಂತ ಬರೆಯೋವಾಗ ಲ್ಯಾಬ್ ಕೊಟ್ಟ ಪರೀಕ್ಷಾ ಸರ್ಟಿಫಿಕೇಟಲ್ಲಿ ಯಾವ ಟೆಸ್ಟಿನ ಮುಂದೆ ಫೇಲ್ ಅಂತ ಇದೆ ನೋಡಿ, ಎಸ್ಸೇನೋ (ಔಷಧಿ ಎಷ್ಟಿದೆ ಅನ್ನೋದು), ರಿಲೇಟೆಡ್ ಸಬ್‌ಸ್ಟೆನ್ಸೋ (ಕಲ್ಮಶ), ಡಿಸಲ್ಯೂಷನ್ನೋ ಅಂತ ಸ್ಪಷ್ಟವಾಗಿ ಬರೆದಿರತ್ತೆ, ಎಷ್ಟು ಬಂತು ಎಷ್ಟಿರಬೇಕಿತ್ತು ಅಂತಾನೂ ಇರತ್ತೆ, ವಿಧಾನ ಎಚ್‌ಪಿಎಲ್‌ಸಿನೋ ಜಿಸಿನೋ ಅಂತಾನೂ ಇರತ್ತೆ. ಎರಡು ಸಾಲಿನ ಜಾಗ ಸಾಕು. ಬ್ಯಾಚ್ ನಂಬರ್ ಮರೀಬೇಡಿ, ಫೇಲಾಗಿರೋದು ಆ ಬ್ಯಾಚು ಮಾತ್ರ, ಆ ಹೆಸರಿನ ಅಷ್ಟೂ ಮಾತ್ರೆಗಳಲ್ಲ. ಜಾಗ ಸಾಲಲ್ಲ ಅಂದ್ರೆ ಆ ಮೈಕ್ರೋಸ್ಕೋಪ್ ಫೋಟೋ ತೆಗೆದು ಅಲ್ಲಿ ಹಾಕಿ. ಫೋಟೋ ಬೇಕೇಬೇಕು ಅಂದ್ರೆ ಒಂದು ಕ್ರೊಮ್ಯಾಟೋಗ್ರಾಮ್ ಹಾಕಿ, ಚಪ್ಪಟೆ ಗೆರೆ, ಮಧ್ಯೆ ಒಂದು ಗುಡ್ಡ, ನೋಡೋಕೆ ಏನೂ ಚೆಂದ ಇರಲ್ಲ, ಅದು ನನಗೂ ಗೊತ್ತು.

ಇಂತಿ,
ನಿಮ್ಮ ಖಾಯಂ ಓದುಗ, ಔಷಧಿ ಪರೀಕ್ಷಾ ಲ್ಯಾಬೊಂದರ ಅನಲಿಸ್ಟ್